ಕ್ರಿ.ಶ. 535ರ ರೋಮಿಗೆ ಬಂದಿಳಿದವನು ಮೊದಲು ಏನು ಮಾಡಬೇಕು?

ಗುಡುಗು ಮಳೆಯ ಹೊತ್ತಿನಲ್ಲಿ ರೋಮಿನ ಪ್ಯಾಂಥಿಯನ್ ಕಟ್ಟಡದ ಎದುರು ನಿಂತಿದ್ದ ಮಾರ್ಟಿನ್ ಪ್ಯಾಡ್ವೇ ಎಂಬ ಅಮೆರಿಕದ ಪುರಾತತ್ತ್ವ ವಿದ್ವಾಂಸನಿಗೆ ಸಿಡಿಲಿನ ಹೊಡೆತ ತಾಕುತ್ತದೆ. ಕಣ್ಣು ತಿಳಿಯಾದಾಗ ಅದೇ ಪ್ಯಾಂಥಿಯನ್ ಎದುರಿಗಿದೆ, ಆದರೆ ಅದರ ಸುತ್ತಲಿನ ಊರು ಬೇರೆಯಾಗಿದೆ. ಕಾಲವು 20ನೇ ಶತಮಾನದಿಂದ ಕ್ರಿ.ಶ. 535ಕ್ಕೆ ಜಾರಿದೆ. ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಅವರ ‘ಲೆಸ್ಟ್ ಡಾರ್ಕ್‌ನೆಸ್ ಫಾಲ್’ ಕಾದಂಬರಿ ಹೀಗೆ ಆರಂಭವಾಗುತ್ತದೆ. 1939ರಲ್ಲಿ ‘ಅನ್‌ನೋನ್’ ಎಂಬ ಪತ್ರಿಕೆಯಲ್ಲಿ ಚಿಕ್ಕ ರೂಪದಲ್ಲಿ ಬಂದು, 1941ರಲ್ಲಿ ಪುಸ್ತಕವಾದ ಈ ಕೃತಿಯನ್ನು ಕಾಲಯಾನದ ಕಥೆಯೆಂದು ಕರೆಯುವುದು ರೂಢಿ. ನನ್ನ ಮಟ್ಟಿಗೆ ಅದು ಮುಖ್ಯವಾಗಿ ತಂತ್ರಜ್ಞಾನದ ಇತಿಹಾಸವನ್ನು ಕುರಿತ ಕಾದಂಬರಿ. ಯಂತ್ರವಿಲ್ಲ, ಆಯುಧವಿಲ್ಲ, ಬಂಧುಗಳಿಲ್ಲ. ತಲೆಯೊಳಗೆ ಹದಿನಾಲ್ಕು ಶತಮಾನಗಳ ಮುಂದಿನ ತಿಳಿವಳಿಕೆಯಿದೆ. ಆ ತಿಳಿವಳಿಕೆಯನ್ನು ಕೈಗೆ ಇಳಿಸಲು ಏನೇನು ಬೇಕು ಎಂಬುದೇ ಅದರ ನಿಜವಾದ ವಸ್ತು.

ಮೊದಲು ಕಾಲಯಾನದ ತರ್ಕವನ್ನು ಬಿಡಿಸಿಕೊಳ್ಳೋಣ. ಹಿಂದಿನ ಕಾಲಕ್ಕೆ ಹೋದವನು ತನ್ನ ಅಜ್ಜನ ಮದುವೆಯನ್ನೇ ತಪ್ಪಿಸಿದರೆ ಅವನು ಹುಟ್ಟುವುದು ಹೇಗೆ, ಹುಟ್ಟದವನು ಹಿಂದಕ್ಕೆ ಹೋಗುವುದು ಹೇಗೆ ಎಂಬ ಒಗಟು ಇಂಥ ಎಲ್ಲ ಕಥೆಗಳ ಹೊಸ್ತಿಲಲ್ಲೇ ಕಾದಿರುತ್ತದೆ. ಲೇಖಕರು ಇದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಪರಿಹಾರ ಕಂಡುಕೊಂಡಿದ್ದಾರೆ. ಏನೇ ಮಾಡಿದರೂ ನಡೆದದ್ದೇ ನಡೆಯುತ್ತದೆ, ಯಾತ್ರಿಕನ ಪ್ರಯತ್ನವೂ ಆ ಘಟನೆಗಳ ಒಂದು ಭಾಗವೇ ಎನ್ನುವುದು ಒಂದು. ಹಳೆಯ ಇತಿಹಾಸ ಅಳಿಸಿಹೋಗಿ ಅದರ ಜಾಗದಲ್ಲಿ ಹೊಸದು ಬರುತ್ತದೆ ಎನ್ನುವುದು ಇನ್ನೊಂದು. ಡಿ ಕ್ಯಾಂಪ್ ಹಿಡಿದದ್ದು ಮೂರನೆಯ ದಾರಿ. ಇತಿಹಾಸವೊಂದು ಮರ, ಹಿಂದಕ್ಕೆ ಜಾರಿದವನು ಕಾಂಡದ ಮೇಲೆ ಎಲ್ಲಿ ನಿಲ್ಲುತ್ತಾನೋ ಅಲ್ಲಿಂದ ಹೊಸ ಕೊಂಬೆಯೊಂದು ಒಡೆಯುತ್ತದೆ, ಕಾಂಡ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಈ ಮಾತನ್ನು ಸಿಡಿಲು ಬಡಿಯುವುದಕ್ಕೆ ಸ್ವಲ್ಪ ಮುಂಚೆ ಇಟಲಿಯ ಪ್ರಾಧ್ಯಾಪಕರೊಬ್ಬರು ಪ್ಯಾಡ್ವೇಗೆ ಹೇಳುತ್ತಾರೆ. ಇತಿಹಾಸದ ಬಲೆ ಗಟ್ಟಿಯಾದದ್ದು, ಆದರೆ ಅನೇಕ ಎಳೆಗಳು ಕೂಡುವ ಗಂಟುಗಳ ಬಳಿ ಅದು ಸಡಿಲವಾಗಿರುತ್ತದೆ, ರೋಮಿನಂಥ ಊರು ಅಂಥ ಗಂಟು ಎಂಬುದು ಅವರ ಊಹೆ.

ಈ ಕೊಂಬೆಯ ಕಲ್ಪನೆಯಿಂದ ಲೇಖಕರಿಗೆ ಆದ ಲಾಭ ದೊಡ್ಡದು. ವಿರೋಧಾಭಾಸಗಳ ಚಿಂತೆ ಒಂದೇ ಸಂಭಾಷಣೆಯಲ್ಲಿ ತೀರಿಹೋಗುತ್ತದೆ, ಉಳಿದ ಪುಟಗಳೆಲ್ಲ ಇತಿಹಾಸಕ್ಕೆ ಮೀಸಲಾಗುತ್ತವೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಪ್ಯಾಡ್ವೇ ಎಷ್ಟೇ ಗೆದ್ದರೂ ಅದು ಒಂದು ಕೊಂಬೆಯ ಗೆಲುವು. ನಾವು ನಿಂತಿರುವ ಕಾಂಡದಲ್ಲಿ ನಡೆಯಬೇಕಾದ ಅನಾಹುತವೆಲ್ಲ ನಡೆದೇ ಹೋಗಿದೆ. ಓದುವಾಗ ಈ ಅರಿವು ಬಿಟ್ಟುಹೋಗದಿದ್ದರೆ ಕಾದಂಬರಿಯ ಉಲ್ಲಾಸದ ಅಡಿಯಲ್ಲಿ ಒಂದು ದುಃಖವೂ ಹರಿಯುತ್ತಿರುವುದು ತಿಳಿಯುತ್ತದೆ.

ಇನ್ನು 535ನೆಯ ವರ್ಷವೇ ಏಕೆ? ರೋಮ್ ಸಾಮ್ರಾಜ್ಯದ ಪತನವೆಂದರೆ ಶಾಲೆಯ ಪುಸ್ತಕಗಳಲ್ಲಿ ನಾವು ಓದುವುದು 476ನೆಯ ಇಸವಿ. ಆದರೆ ಆ ವರ್ಷ ಪಶ್ಚಿಮದ ಕೊನೆಯ ಚಕ್ರವರ್ತಿ ಪದಚ್ಯುತನಾದನೆಂಬುದನ್ನು ಬಿಟ್ಟರೆ ಇಟಲಿಯ ನಿತ್ಯಜೀವನ ಅಷ್ಟೇನೂ ಮುರಿದುಬೀಳಲಿಲ್ಲ. 493ರಿಂದ 526ರವರೆಗೆ ಆಳಿದ, ಆಸ್ಟ್ರೋಗೋಥರೆಂಬ ಜರ್ಮಾನಿಕ್ ಜನಾಂಗದ ದೊರೆ ಥಿಯೋಡೊರಿಕ್ ರೋಮಿನ ಸೆನೆಟ್ಟನ್ನು ಉಳಿಸಿಕೊಂಡ, ಕಟ್ಟಡಗಳನ್ನು ದುರಸ್ತಿ ಮಾಡಿಸಿದ, ಕ್ಯಾಸಿಯೊಡೋರಸ್‌ನಂಥ ವಿದ್ವಾಂಸ ಅವನ ಆಸ್ಥಾನದಲ್ಲಿ ರಾಜಪತ್ರಗಳನ್ನು ಬರೆದ. ಗೋಥರು ಏರಿಯನ್ ಪಂಥದ ಕ್ರೈಸ್ತರು, ಇಟಲಿಯ ಬಹುಪಾಲು ಜನ ಕ್ಯಾಥೊಲಿಕರು. ಆದರೂ ಪರಸ್ಪರ ಸಹಿಸಿಕೊಂಡು ಬಾಳುವ ವ್ಯವಸ್ಥೆಯೊಂದು ಇತ್ತು. 535ರಲ್ಲಿ ಥಿಯೋಡೊರಿಕ್‌ನ ಮಗಳು ಅಮಲಸುಂಥಾ ಕೊಲೆಯಾದಳು. ಅದನ್ನೇ ಕಾರಣವಾಗಿ ಹಿಡಿದು ಪೂರ್ವ ರೋಮ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟಿನಿಯನ್ ತನ್ನ ಸೇನಾಪತಿ ಬೆಲಿಸೇರಿಯಸ್‌ನನ್ನು ಸುಮಾರು 7,500 ಸೈನಿಕರೊಡನೆ ಸಿಸಿಲಿಗೆ ಕಳುಹಿಸಿದ. ರೋಮನ್ನರ ಇಟಲಿಯನ್ನು ರೋಮನ್ನರಿಗೆ ಮರಳಿಸುವುದಾಗಿ ಹೇಳಿಕೊಂಡು ಆರಂಭವಾದ ಆ ಯುದ್ಧ ಸುಮಾರು ಎರಡು ದಶಕ ನಡೆಯಿತು. ರೋಮ್ ಹಲವು ಸಲ ಕೈಬದಲಾಯಿತು, ನಗರಕ್ಕೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು 537ರಲ್ಲಿ ಮುತ್ತಿಗೆ ಹಾಕಿದ ಗೋಥರು ಕಡಿದರು, 546ರ ಕೊನೆಯಲ್ಲಿ ಗೋಥರ ದೊರೆ ಟೋಟಿಲ ಊರನ್ನು ಹಿಡಿದ ಮೇಲೆ ಅದು ಕೆಲವು ವಾರ ಜನರೇ ಇಲ್ಲದ ಸ್ಥಿತಿಗೆ ಬಂತು. ಯುದ್ಧ ಮುಗಿದು ಉಸಿರಾಡುವಷ್ಟರಲ್ಲಿ, 568ರಲ್ಲಿ, ಲೊಂಬಾರ್ಡರೆಂಬ ಮತ್ತೊಂದು ಜರ್ಮಾನಿಕ್ ಜನಾಂಗದವರು ಉತ್ತರದಿಂದ ಇಳಿದುಬಂದರು. ಪ್ರಾಚೀನ ಇಟಲಿಯನ್ನು ನಿಜವಾಗಿ ಮುರಿದದ್ದು ಅದನ್ನು ಉದ್ಧರಿಸಲು ಹೊರಟ ಈ ಯುದ್ಧ. ಡಿ ಕ್ಯಾಂಪ್ ತಮ್ಮ ನಾಯಕನನ್ನು ಅದರ ಬಾಗಿಲಲ್ಲೇ ತಂದು ನಿಲ್ಲಿಸಿದ್ದಾರೆ. 476ಕ್ಕೆ ಕಳುಹಿಸಿದ್ದರೆ ಅವನು ತಡೆಯಬಹುದಾದದ್ದು ಕಡಿಮೆ, 560ಕ್ಕೆ ಕಳುಹಿಸಿದ್ದರೆ ಉಳಿಸಿಕೊಳ್ಳಲು ಉಳಿದಿದ್ದೇ ಕಡಿಮೆ.

ಬಂದಿಳಿದವನಿಗೆ ಮೊದಲ ಸಮಸ್ಯೆ ಭಾಷೆ. ಪ್ಯಾಡ್ವೇಗೆ ಗ್ರಂಥಗಳ ಲ್ಯಾಟಿನ್ ಗೊತ್ತು, ಇಂದಿನ ಇಟಾಲಿಯನ್ ಗೊತ್ತು. ಬೀದಿಯ ಜನ ಆಡುತ್ತಿರುವುದು ಇವೆರಡರ ನಡುವೆ ಎಲ್ಲೋ ಇರುವ ಮಾತು. ಸುಮಾರು 450ರ ಹಲ್ಮಿಡಿ ಶಾಸನವನ್ನು ಎದುರಿಗಿಟ್ಟುಕೊಂಡು ಕುಳಿತ ಇಂದಿನ ಕನ್ನಡಿಗನಿಗೆ ಈ ಅನುಭವದ ಸುಳಿವು ಸಿಗುತ್ತದೆ: ಪದ ಪರಿಚಿತವೆನಿಸುತ್ತದೆ, ವಾಕ್ಯ ಮಾತ್ರ ಕೈಗೆ ಸಿಕ್ಕುವುದಿಲ್ಲ. ಎರಡನೆಯ ಸಮಸ್ಯೆ ಹಣ, ಮತ್ತು ಕಾದಂಬರಿಯ ಅತ್ಯಂತ ಬೆಲೆಬಾಳುವ ಪುಟಗಳು ಅಲ್ಲೇ ಇವೆ.

ಅವನು ಥಾಮಸಸ್ ಎಂಬ ಸಿರಿಯಾದ ಲೇವಾದೇವಿಗಾರನ ಬಳಿ ಸಾಲ ಕೇಳುತ್ತಾನೆ. ಅಡಮಾನಕ್ಕೆ ಏನೂ ಇಲ್ಲದವನು ಬಡ್ಡಿ ಇಳಿಸಿಕೊಳ್ಳಲು ಕೊಡುವುದು ಒಂದು ವಿದ್ಯೆಯನ್ನು. ಥಾಮಸಸ್‌ನ ಗುಮಾಸ್ತರಿಗೆ ಹೊಸ ಅಂಕಿಗಳಲ್ಲಿ ಲೆಕ್ಕ ಮಾಡುವುದನ್ನು ಕಲಿಸಿಕೊಡುತ್ತಾನೆ. ಬಂದ ಹಣದಲ್ಲಿ ತಾಮ್ರದ ಪಾತ್ರೆ ಮಾಡಿಸಿ ದ್ರಾಕ್ಷಾರಸವನ್ನು ಬಟ್ಟಿ ಇಳಿಸಿ ಬ್ರಾಂದಿ ಮಾಡಿ ಮಾರುತ್ತಾನೆ. ಬ್ರಾಂದಿಯ ಆಯ್ಕೆ ಬಹಳ ಯೋಚಿಸಿ ಮಾಡಿದ್ದು. ದ್ರಾಕ್ಷಾರಸ ಊರ ತುಂಬ ಇದೆ, ಕಂಚುಗಾರರಿದ್ದಾರೆ, ಸೌದೆಯಿದೆ, ಕುಡಿಯುವವರು ಇದ್ದೇ ಇದ್ದಾರೆ. ಯುರೋಪಿನಲ್ಲಿ ಮದ್ಯಸಾರವನ್ನು ಬಟ್ಟಿ ಇಳಿಸುವುದು 12ನೇ ಶತಮಾನದ ಹೊತ್ತಿಗಷ್ಟೇ ಬಂದ ವಿದ್ಯೆ; ಆದರೆ ಅದಕ್ಕೆ ಬೇಕಾದ ಪ್ರತಿಯೊಂದು ಸಾಮಗ್ರಿಯೂ ಆರು ಶತಮಾನ ಮೊದಲೇ ರೋಮಿನಲ್ಲಿತ್ತು. ಕೊರತೆಯಿದ್ದದ್ದು ಒಂದೇ ಒಂದು ಹೆಜ್ಜೆಯ ತಿಳಿವಳಿಕೆಯದು. ಉಳಿದ ಪ್ರಯೋಗಗಳಲ್ಲಿ ಯಾವುದು ಫಲಿಸುತ್ತದೆ, ಯಾವುದು ಕೆಡುತ್ತದೆ ಎಂಬುದನ್ನು ಅಳೆಯಲು ಇದೇ ಅಳತೆಗೋಲು: ಎಷ್ಟು ಹೆಜ್ಜೆ ಕಡಿಮೆಯಿದೆ?

ಅಂಕಿಗಳ ಪ್ರಸಂಗದಲ್ಲಿ ಸ್ವಲ್ಪ ನಿಲ್ಲಬೇಕು. ರೋಮನ್ ಕ್ರಮದಲ್ಲಿ 38 ಬರೆಯಲು ಏಳು ಅಕ್ಷರ ಬೇಕು, 50 ಬರೆಯಲು ಒಂದೇ ಅಕ್ಷರ ಸಾಕು. ಸಂಖ್ಯೆ ದೊಡ್ಡದಾದಷ್ಟೂ ಬರಹ ಉದ್ದವಾಗುತ್ತದೆ ಎಂಬ ನಿಯಮವಿಲ್ಲ, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರೆದು ಕೂಡುವ ಸೌಲಭ್ಯವೂ ಇಲ್ಲ. ರೋಮನ್ನರು ಲೆಕ್ಕ ಬಾರದವರೇನಲ್ಲ. ಮಣಿಹಲಗೆಯ ಮೇಲೆ ಚುರುಕಾಗಿ ಕೂಡಿ ಕಳೆಯುತ್ತಿದ್ದರು. ಆದರೆ ಹಲಗೆಯ ಮೇಲಿನ ಲೆಕ್ಕ ಮುಗಿದೊಡನೆ ಅಳಿಸಿಹೋಗುತ್ತದೆ, ತಪ್ಪೆಲ್ಲಿ ಆಯಿತೆಂದು ಹಿಂದಿರುಗಿ ನೋಡುವಂತಿಲ್ಲ. ಸ್ಥಾನಬೆಲೆಯ ಅಂಕಿಗಳಲ್ಲಿ ಲೆಕ್ಕ ಮಾಡಿದ ದಾರಿಯೇ ಬರಹವಾಗಿ ಉಳಿಯುತ್ತದೆ. ಅದರ ಮೇಲೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆದು ತಾಳೆ ನೋಡುವ ದ್ವಿನಮೂದು ಪದ್ಧತಿಯನ್ನೂ ಸೇರಿಸಿದರೆ ಸಾಹುಕಾರನಿಗೆ ತನ್ನ ಹಣ ಎಲ್ಲಿದೆ ಎಂಬುದು ಯಾವ ಕ್ಷಣದಲ್ಲೂ ಗೊತ್ತಿರುತ್ತದೆ. ಥಾಮಸಸ್‌ನಂಥವನಿಗೆ ಇದಕ್ಕಿಂತ ದೊಡ್ಡ ಅಡಮಾನ ಯಾವುದಿದ್ದೀತು?

ಯುರೋಪು ಅರಬ್ಬಿ ಅಂಕಿ ಎಂದು ಕರೆಯುವ ಈ ಕ್ರಮ ಭಾರತದ್ದು. 499ರಲ್ಲಿ, ಅಂದರೆ ಪ್ಯಾಡ್ವೇ ರೋಮಿಗೆ ಜಾರುವುದಕ್ಕೆ 36 ವರ್ಷ ಮೊದಲೇ, ಆರ್ಯಭಟ ತನ್ನ ಗ್ರಂಥದಲ್ಲಿ ‘ಸ್ಥಾನಾತ್ ಸ್ಥಾನಂ ದಶಗುಣಂ ಸ್ಯಾತ್’ ಎಂದಿದ್ದ. ಸ್ಥಾನದಿಂದ ಸ್ಥಾನಕ್ಕೆ ಹತ್ತು ಪಟ್ಟು. ಹಾಗಾದರೆ ಆ ತಿಳಿವಳಿಕೆ ರೋಮಿಗೆ ಹೋಗಲು ದಾರಿ ಇರಲಿಲ್ಲವೇ? ದಾರಿ ಇತ್ತು. ಅದೇ 6ನೇ ಶತಮಾನದ ನಡುವೆ ಬರೆದ ಕಾಸ್ಮಸ್ ಎಂಬ ವರ್ತಕ ಸನ್ಯಾಸಿ ಮೆಣಸು ರಫ್ತಾಗುವ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ‘ಮಂಗರೂಥ್’ ಎಂಬುದನ್ನು ಹೆಸರಿಸುತ್ತಾನೆ. ಅದು ನಮ್ಮ ಮಂಗಳೂರೆಂದು ಬಹುಮಟ್ಟಿಗೆ ಒಪ್ಪಲಾಗಿದೆ. ಬನವಾಸಿಯ ಕದಂಬರ ಸೀಮೆಗೆ ಸೇರಿದ್ದ ಹಾನಗಲ್ಲಿನ ಬಳಿಯ ಅಕ್ಕಿಆಲೂರಿನಲ್ಲಿ ಬೈಜಾಂಟೈನ್ (ಪೂರ್ವ ರೋಮ್ ಸಾಮ್ರಾಜ್ಯದ) ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ಚಿನ್ನ ಇತ್ತ ಬಂತು, ಮೆಣಸು ಅತ್ತ ಹೋಯಿತು, ಆದರೆ ಅಂಕಿಗಳು ಆ ಹಡಗುಗಳಲ್ಲಿ ದಾಟಿ ರೋಮಿನಲ್ಲಿ ಬೇರೂರಲಿಲ್ಲ. ಮೆಣಸನ್ನು ಕೊಳ್ಳುವವನು ಅಲ್ಲಿ ಕಾಯುತ್ತಿದ್ದ. ಅಂಕಿಗೆ ಅಂಥ ಗಿರಾಕಿ ಇರಲಿಲ್ಲ, ಏಕೆಂದರೆ ಮಣಿಹಲಗೆ ಸಾಕಾಗುತ್ತಿತ್ತು. ಸಿರಿಯಾದ ಬಿಷಪ್ ಸೆವೆರಸ್ ಸೆಬೊಖ್ತ್ 662ರಲ್ಲಿ ಭಾರತೀಯರ ಒಂಬತ್ತು ಚಿಹ್ನೆಗಳನ್ನು ಮೆಚ್ಚಿ ಬರೆದ. ಪೀಸಾದ ಫಿಬೊನಾಚಿ ಅವುಗಳನ್ನು ವ್ಯಾಪಾರಿಗಳಿಗೆ ವಿವರಿಸಿದ್ದು 1202ರಲ್ಲಿ. ಅಷ್ಟಾದ ಮೇಲೂ 1299ರಲ್ಲಿ ಫ್ಲಾರೆನ್ಸಿನ ಲೇವಾದೇವಿಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಹಣದ ಮೊತ್ತವನ್ನು ಈ ಅಂಕಿಗಳಲ್ಲಿ ಬರೆಯುವುದನ್ನು ನಿಷೇಧಿಸಿತು. ಅಂಕಿಯನ್ನು ತಿದ್ದುವುದು ಸುಲಭವೆಂಬ ಅಂಜಿಕೆ ಆಗ ಇತ್ತು. ಒಬ್ಬ ಗುಮಾಸ್ತನಿಗೆ ಕೆಲವೇ ದಿನಗಳಲ್ಲಿ ಕಲಿಸಬಹುದಾದ ವಿದ್ಯೆ ನಡೆದುಬರಲು ಏಳೆಂಟು ಶತಮಾನ ಹಿಡಿಯಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ಯಾಡ್ವೇಯ ನಿಜವಾದ ಜಾಣತನ ಅಂಕಿಗಳನ್ನು ಬಲ್ಲದ್ದರಲ್ಲಿ ಇಲ್ಲ. ಸಾಲದ ಬಡ್ಡಿ ಇಳಿಯುವ ಲೆಕ್ಕದೊಳಗೆ ಅದನ್ನು ಸೇರಿಸಿ, ಕಲಿಯುವವನಿಗೆ ಕಲಿಯುವ ಕಾರಣ ಒದಗಿಸಿದ್ದರಲ್ಲಿದೆ.

ಬ್ರಾಂದಿಯ ಲಾಭದಲ್ಲಿ ಅವನು ಮುದ್ರಣಕ್ಕೆ ಕೈಹಾಕುತ್ತಾನೆ. ಹೊರಗಿನಿಂದ ನೋಡಿದರೆ ಮುದ್ರಣವೆಂದರೆ ಅಚ್ಚುಮೊಳೆ ಮತ್ತು ಒತ್ತುವ ಯಂತ್ರ. ಒತ್ತುವ ಯಂತ್ರ ರೋಮನ್ನರಿಗೆ ಹೊಸದಲ್ಲ, ದ್ರಾಕ್ಷಿ ಮತ್ತು ಆಲಿವ್ ಹಿಂಡಲು ತಿರುಪಿನ ಗಾಣವಿತ್ತು. ಅಕ್ಷರ ಎರಕ ಹೊಯ್ಯಲು ಲೋಹಗಾರರಿದ್ದರು. ಸಿಕ್ಕು ಬರುವುದು ಯಾರೂ ಎಣಿಸದ ಕಡೆಯಲ್ಲಿ. ಬರೆಯುವ ಮಸಿ ನೀರಿನಂಥದ್ದು, ಲೋಹದ ಮೊಳೆಯ ಮೇಲೆ ಅದು ನಿಲ್ಲುವುದಿಲ್ಲ. ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಅರೆದ ಜಿಗುಟು ಮಸಿ ಬೇಕು. ಅದಕ್ಕಿಂತ ದೊಡ್ಡದು ಅಚ್ಚು ಹಾಕುವ ಹಾಳೆಯ ಪ್ರಶ್ನೆ. ಚರ್ಮದ ಹಾಳೆಗೆ ಕುರಿ ಕರುಗಳು ಬೇಕು, ಒಂದು ದಪ್ಪ ಗ್ರಂಥಕ್ಕೆ ಒಂದು ಮಂದೆಯೇ ಹೋಗುತ್ತದೆ. ಕೈಯಲ್ಲಿ ನಕಲು ಮಾಡುವ ಕಾಲದಲ್ಲಿ ಬರೆಯುವವನ ಶ್ರಮ ದೊಡ್ಡದಿದ್ದುದರಿಂದ ಚರ್ಮದ ಬೆಲೆ ಹೊಂದಿಕೊಳ್ಳುತ್ತಿತ್ತು. ಯಂತ್ರ ದಿನಕ್ಕೆ ನೂರಾರು ಹಾಳೆ ಕೇಳಿದಾಗ ಊರಿನ ದಾಸ್ತಾನೇ ಬರಿದಾಗುತ್ತದೆ. ಪತ್ರಿಕೆ ತೆಗೆದ ಪ್ಯಾಡ್ವೇಗೆ ಆಗುವುದೂ ಇದೇ. ಹಾಗಾಗಿ ಅವನು ಮುದ್ರಣವನ್ನು ಮುಂದುವರಿಸಲು ಕಾಗದ ತಯಾರಿಸುವ ಕೆಲಸಕ್ಕೆ ತಿರುಗಬೇಕಾಗುತ್ತದೆ.

ಇದು ನಡೆದ ಇತಿಹಾಸಕ್ಕೂ ಹೊಂದುತ್ತದೆ. ಚೀನಾದ ಕಾಯ್ ಲುನ್ ಕಾಗದದ ತಯಾರಿಕೆಯನ್ನು ಚಕ್ರವರ್ತಿಗೆ ಅರಿಕೆ ಮಾಡಿದ್ದು 105ರಲ್ಲಿ. ಅದು 8ನೇ ಶತಮಾನದಲ್ಲಿ ಸಮರ್ಕಂದ್ ಮತ್ತು ಬಾಗ್ದಾದ್ ತಲುಪಿ, 13ನೇ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೊದಲ್ಲಿ ನೆಲೆಯೂರಿ, ಹಳೆಯ ನಾರುಬಟ್ಟೆಯ ಚಿಂದಿಯಿಂದ ಅಗ್ಗದ ಹಾಳೆ ಸಿಗತೊಡಗಿದ ಮೇಲೆಯೇ, 1450ರ ದಶಕದಲ್ಲಿ, ಮೈಂಝ್ ನಗರದ ಗುಟೆನ್‌ಬರ್ಗ್‌ನ ಯಂತ್ರಕ್ಕೆ ಅರ್ಥ ಬಂತು. ಒಂದು ಆವಿಷ್ಕಾರದ ಹಿಂದೆ ಹೆಸರಿಲ್ಲದ ಇಂಥ ಹತ್ತಾರು ಕೆಲಸಗಳು ನಿಂತಿರುತ್ತವೆ ಎಂಬುದನ್ನು ಡಿ ಕ್ಯಾಂಪ್ ಬಲ್ಲವರು. ಅವರು ಓದಿದ್ದು ವಿಮಾನ ಎಂಜಿನಿಯರಿಂಗ್, ಮುಂದೆ ಪ್ರಾಚೀನ ಕಾಲದ ಎಂಜಿನಿಯರುಗಳನ್ನು ಕುರಿತು ಇತಿಹಾಸ ಗ್ರಂಥವನ್ನೇ ಬರೆದರು. ಕೈಕೆಲಸ ಬಲ್ಲವರ ಬಗ್ಗೆ ಅವರಿಗಿದ್ದ ಗೌರವ ಕಾದಂಬರಿಯ ಉದ್ದಕ್ಕೂ ಕಾಣುತ್ತದೆ.

ಬೆಟ್ಟದಿಂದ ಬೆಟ್ಟಕ್ಕೆ ಗೋಪುರ ಕಟ್ಟಿ, ಮರದ ತೋಳುಗಳನ್ನು ಆಡಿಸಿ ಸುದ್ದಿ ಮುಟ್ಟಿಸುವ ಏರ್ಪಾಡೂ ಗೆಲ್ಲುತ್ತದೆ. ಫ್ರಾನ್ಸಿನಲ್ಲಿ ಕ್ಲಾಡ್ ಶಾಪ್ ಇಂಥದೇ ಸಾಲನ್ನು ಪ್ಯಾರಿಸ್ ಮತ್ತು ಲಿಲ್ ನಡುವೆ 1794ರಲ್ಲಿ ನಡೆಸಿದ. ಮರ, ಹಗ್ಗ, ಒಪ್ಪಿಕೊಂಡ ಸಂಕೇತಗಳು ಇಷ್ಟೇ ಇದರ ಬಂಡವಾಳ. ಗೋಪುರಗಳ ನಡುವಿನ ಅಂತರ ಹೆಚ್ಚಿಸಲು ದೂರದರ್ಶಕ ಬೇಕು, ಅದಕ್ಕೆ ಗಾಜನ್ನು ಉಜ್ಜಬಲ್ಲವನೊಬ್ಬ ಬೇಕು.

ಕೋವಿಮದ್ದು ಮಾತ್ರ ಅವನ ಕೈಹಿಡಿಯುವುದಿಲ್ಲ. ಗಂಧಕ, ಇದ್ದಿಲು, ಪೆಟ್ಲುಪ್ಪು ಎಂಬ ಮೂರು ಹೆಸರು ಎಲ್ಲರಿಗೂ ಗೊತ್ತು. ಪೆಟ್ಲುಪ್ಪು ಸುಮಾರು ಮುಕ್ಕಾಲು ಪಾಲು ಇರಬೇಕು. ಕೊಟ್ಟಿಗೆಯ ಮಣ್ಣಿನಿಂದ ಅದನ್ನು ತೆಗೆದು ಮತ್ತೆ ಮತ್ತೆ ಕುದಿಸಿ ಹರಳುಗಟ್ಟಿಸಿ ಶುದ್ಧ ಮಾಡಬೇಕು. ಮೂರನ್ನೂ ಒದ್ದೆಯಾಗಿ ನುಣ್ಣಗೆ ಅರೆಯಬೇಕು. ಬೆಂಕಿ ಒಮ್ಮೆಗೇ ಹಬ್ಬುವಂತೆ ಕಾಳುಕಾಳಾಗಿ ಮಾಡಬೇಕು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಮಿಶ್ರಣ ಸುರ್ರೆಂದು ಉರಿಯುತ್ತದೆ, ಸಿಡಿಯುವುದಿಲ್ಲ. ಚೀನಾದಲ್ಲಿ 9ನೇ ಶತಮಾನದ ಹೊತ್ತಿಗೆ ಕಂಡ ಈ ಮಿಶ್ರಣ ನಂಬಬಹುದಾದ ಫಿರಂಗಿಯಾಗಲು ನಾಲ್ಕೈದು ಶತಮಾನಗಳ ಕೈಪಳಗಿಕೆ ಬೇಕಾಯಿತು. ಪ್ಯಾಡ್ವೇಯ ಮದ್ದು ಗುಂಡನ್ನು ದೂರ ಹಾರಿಸಲಾರದು. ಅವನ ಗಡಿಯಾರವೂ ನೆಟ್ಟಗೆ ನಡೆಯದು. ಕಾಲಯಾನದ ಕಥೆಗಳಲ್ಲಿ ನಾಯಕ ಮುಟ್ಟಿದ್ದೆಲ್ಲ ಯಂತ್ರವಾಗಿಬಿಡುವ ಪರಂಪರೆ ಇದ್ದಾಗ ಸೋಲನ್ನು ಹೀಗೆ ಬರೆದ ಪ್ರಾಮಾಣಿಕತೆಯನ್ನು ನಾನು ಬಹಳ ಮೆಚ್ಚುತ್ತೇನೆ. ಬ್ರಾಂದಿಗೆ ಒಂದು ಹೆಜ್ಜೆ ಕಡಿಮೆಯಿತ್ತು, ಕೋವಿಮದ್ದಿಗೆ ಹತ್ತು. ಪುಸ್ತಕದಲ್ಲಿ ಓದಿದ ನೆನಪು ಆ ಹತ್ತನ್ನು ತುಂಬಲಾರದು.

ಅವನ ಬಳಿ ಇನ್ನೊಂದು ಬಂಡವಾಳವಿದೆ, ಮುಂದೆ ನಡೆಯಲಿರುವುದರ ಅರಿವು. ಚರಿತ್ರೆಕಾರ ಪ್ರೊಕೋಪಿಯಸ್ ಬರೆದಿರುವಂತೆ, 536ರಲ್ಲಿ ಗೋಥರ ದೊರೆ ಥಿಯೋಡಹಾಡ್ ರವೆನ್ನಾಕ್ಕೆ ಓಡುವ ದಾರಿಯಲ್ಲಿ ಆಪ್ಟಾರಿಸ್ ಎಂಬ ಗೋಥನ ಕೈಯಲ್ಲಿ ಕೊಲೆಯಾದ. ತಾನು ಮದುವೆಯಾಗಬೇಕಿದ್ದ ಹೆಣ್ಣನ್ನು ದೊರೆ ಹಣ ಪಡೆದು ಬೇರೊಬ್ಬನಿಗೆ ಕೊಡಿಸಿದನೆಂಬ ಸೇಡು ಅವನಿಗಿತ್ತು. ಇದನ್ನು ಓದಿಕೊಂಡಿದ್ದ ಪ್ಯಾಡ್ವೇ ಸರಿಯಾದ ಜಾಗದಲ್ಲಿ ಕಾದು ದೊರೆಯನ್ನು ಉಳಿಸಿ, ಆ ಉಪಕಾರದ ಬಲದಿಂದ ರಾಜ್ಯದ ಉನ್ನತ ಅಧಿಕಾರ ಪಡೆಯುತ್ತಾನೆ. ಆದರೆ ಉಳಿಸಿದ ಆ ಗಳಿಗೆಯಿಂದಲೇ ಅವನ ಅರಿವು ಸವೆಯತೊಡಗುತ್ತದೆ. ಪ್ರೊಕೋಪಿಯಸ್ ಬರೆದಿದ್ದು ಥಿಯೋಡಹಾಡ್ ಸತ್ತ ಲೋಕದ ಕಥೆ; ಇದು ಅವನು ಬದುಕಿರುವ ಲೋಕ. ಒಂದೊಂದು ಬದಲಾವಣೆಯೂ ಅವನು ಓದಿದ ಚರಿತ್ರೆಯಿಂದ ಒಂದೊಂದು ಪುಟವನ್ನು ಕಿತ್ತುಹಾಕುತ್ತದೆ, ಕೊನೆಗೆ ಅವನೂ ಸುತ್ತಲಿನವರಂತೆ ನಾಳೆ ಏನೆಂದು ತಿಳಿಯದವನಾಗುತ್ತಾನೆ. ಕೊಂಬೆಯ ತರ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಕೊನೆಯವರೆಗೆ ನಡೆಸಿದ್ದು ಕಾದಂಬರಿಯ ಅತ್ಯುತ್ತಮ ಗುಣ.

ಕೊರತೆಗಳೂ ಇವೆ. ಹೆಣ್ಣುಪಾತ್ರಗಳು ತೆಳುವಾಗಿವೆ. ಅದಕ್ಕಿಂತ ಮೂಲಭೂತವಾದ ತೊಡಕು ಶೀರ್ಷಿಕೆಯಲ್ಲೇ ಇರುವ ‘ಕತ್ತಲೆ’ಯದು. ಕತ್ತಲೆಯ ಯುಗವೆಂಬ ಕಲ್ಪನೆ 14ನೇ ಶತಮಾನದ ಕವಿ ಪೆಟ್ರಾರ್ಕ್‌ನಿಂದ ಬೆಳೆದುಬಂದದ್ದು. ಇಂದಿನ ಇತಿಹಾಸಕಾರರು ಆ ಪದವನ್ನು ಬಳಸಲು ಹಿಂಜರಿಯುತ್ತಾರೆ. ಅದೇ ಕಾಲದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೇಗಿಯಾ ಸೋಫಿಯಾ ಎಂಬ ಭವ್ಯ ಚರ್ಚು ಎದ್ದಿತು, ಕರ್ನಾಟಕದಲ್ಲಿ 543ರಲ್ಲಿ ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ. ಕತ್ತಲೆ ಕವಿದದ್ದು ಇಟಲಿಯಂಥ ಕೆಲವು ಸೀಮೆಗಳ ಮೇಲೆ.

1939ರಲ್ಲಿ ಯಾರಿಗೂ ಸ್ಪಷ್ಟವಾಗಿರದ ಇನ್ನೊಂದು ಸಂಗತಿಯಿದೆ. ಪ್ಯಾಡ್ವೇ ರೋಮಿನಲ್ಲಿ ಪತ್ರಿಕೆ ಅಚ್ಚು ಮಾಡಿಸುತ್ತಿರುವ ದಿನಗಳಲ್ಲೇ, 536ರಲ್ಲಿ, ಆಕಾಶ ಮಂಕಾಯಿತು. ಸೂರ್ಯನ ಬೆಳಕು ಚಂದ್ರನಂತೆ ಕಾವಿಲ್ಲದ್ದಾಯಿತೆಂದು ಪ್ರೊಕೋಪಿಯಸ್ ಬರೆದ. ನಡುಹಗಲಲ್ಲೂ ನಮ್ಮ ನೆರಳು ನಮಗೆ ಕಾಣುವುದಿಲ್ಲವೆಂಬ ಅರ್ಥದ ಮಾತನ್ನು ಕ್ಯಾಸಿಯೊಡೋರಸ್ ತನ್ನ ಪತ್ರವೊಂದರಲ್ಲಿ ಬರೆದ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮಪದರಗಳನ್ನೂ ಮರಗಳ ವಾರ್ಷಿಕ ಉಂಗುರಗಳನ್ನೂ ಹೊಂದಿಸಿ ನೋಡಿದ ವಿಜ್ಞಾನಿಗಳು 536 ಮತ್ತು 540ರ ಆಸುಪಾಸಿನ ದೊಡ್ಡ ಜ್ವಾಲಾಮುಖಿ ಸ್ಫೋಟಗಳನ್ನು ಗುರುತಿಸಿದ್ದು ಬಹಳ ಈಚೆಗೆ. ಆ ಚಳಿ ಮತ್ತು ಬೆಳೆಹಾನಿಯ ಬೆನ್ನಿಗೆ 541ರಲ್ಲಿ ಪ್ಲೇಗ್ ಬಂತು. ಬವೇರಿಯಾದ 6ನೇ ಶತಮಾನದ ಸಮಾಧಿಗಳ ಮೂಳೆಗಳಲ್ಲಿ ಅದರ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿದೆ. ಪ್ಲೇಗ್ ಬರುವ ಮೊದಲೇ ಕಾದಂಬರಿಯ ಕಥೆ ಮುಗಿಯುತ್ತದೆ. ಯುದ್ಧವನ್ನು ರಾಜತಂತ್ರದಿಂದ ತಡೆಯಬಹುದು, ಸಾಲಕ್ಕೆ ಬಡ್ಡಿ ಇಳಿಸಬಹುದು. ಮುಗಿಲಿನ ಬೂದಿಗೆ ಮತ್ತು ಇಲಿಯ ಮೈಯ ಚಿಗಟಕ್ಕೆ ಪ್ಯಾಡ್ವೇಯ ಬಳಿ ಏನಿತ್ತು? ಇಂದು ಯಾರಾದರೂ ಈ ಕಥೆಯನ್ನು ಹೊಸದಾಗಿ ಬರೆದರೆ ಉತ್ತರಿಸಬೇಕಾದ ಪ್ರಶ್ನೆ ಇದು.

ನಡೆದ ಇತಿಹಾಸದಲ್ಲಿ, ಭವಿಷ್ಯದಿಂದ ಯಾರೂ ಬಾರದೆ ಇದ್ದ ಆ ಕಾಂಡದಲ್ಲಿ, ರೋಮಿನ ಜನ ಕೈಕಟ್ಟಿ ಕುಳಿತಿರಲಿಲ್ಲ. 537ರಲ್ಲಿ ಮೇಲ್ಗಾಲುವೆಗಳು ಕಡಿದುಹೋಗಿ ಜನಿಕ್ಯುಲಮ್ ಗುಡ್ಡದ ನೀರಗಿರಣಿಗಳು ನಿಂತಾಗ ಬೆಲಿಸೇರಿಯಸ್ ಟೈಬರ್ ನದಿಯಲ್ಲಿ ಎರಡೆರಡು ದೋಣಿಗಳನ್ನು ಹತ್ತಿರ ಕಟ್ಟಿಸಿ, ಅವುಗಳ ನಡುವೆ ಚಕ್ರ ಇಳಿಬಿಟ್ಟು, ಹೊಳೆಯ ಸೆಳೆತದಿಂದಲೇ ಹಿಟ್ಟು ಬೀಸಿಸಿದ. ಆ ತೇಲುವ ಗಿರಣಿ ಆಮೇಲೆ ಶತಮಾನಗಳ ಕಾಲ ಯುರೋಪಿನ ನದಿಗಳಲ್ಲಿ ಉಳಿಯಿತು. ಕ್ಯಾಸಿಯೊಡೋರಸ್ ಯುದ್ಧದ ನಂತರ ತನ್ನ ಹುಟ್ಟೂರಾದ ದಕ್ಷಿಣ ಇಟಲಿಯ ಸ್ಕ್ವಿಲ್ಲಾಚೆ ಬಳಿಯ ವಿವೇರಿಯಮ್ ಮಠದಲ್ಲಿ ನೆಲೆಸಿದ. ಮುದ್ರಣವಿಲ್ಲ, ಕಾಗದವಿಲ್ಲ, ಚರ್ಮದ ಹಾಳೆ, ಗರಿಯ ಲೇಖನಿ ಮತ್ತು ಸನ್ಯಾಸಿಗಳ ಕೈ, ಇಷ್ಟನ್ನೇ ಇಟ್ಟುಕೊಂಡು ಧರ್ಮಗ್ರಂಥಗಳ ಜೊತೆಗೆ ಲೌಕಿಕ ವಿದ್ಯೆಗಳ ಗ್ರಂಥಗಳನ್ನೂ ನಕಲು ಮಾಡಿಸಿದ. ನಕಲುಗಾರರು ಅಕ್ಷರ ತಪ್ಪುವುದನ್ನು ಕಂಡು, ಲ್ಯಾಟಿನ್ ಪದಗಳನ್ನು ಸರಿಯಾಗಿ ಬರೆಯುವುದು ಹೇಗೆಂಬ ಕೈಪಿಡಿಯೊಂದನ್ನು ಅವರಿಗಾಗಿ ಬರೆಯಲು ಕುಳಿತಾಗ ಅವನಿಗೆ 93ನೇ ವರ್ಷ ನಡೆಯುತ್ತಿತ್ತು.